ಕೊಡುಗೈ ಯಜಮಾನರ ಹೆಂಡತಿ

ಫೆಬ್ರವರಿ 5, ಸೋಮವಾರ

ಹಿಟ್ಟು ಇವತ್ತು ಬೇಗ ಉಬ್ಬಿತು. ಸೆಕೆ. ತಂಗಿ ಒಲೆಯ ಹತ್ತಿರ, ನಾನು ಮೇಜಿನ ಹತ್ತಿರ — ಎಂದಿನಂತೆ. ಅವಳು ಟ್ರೇ ಎತ್ತುವಾಗ ಎದೆಯಿಂದ ಸಣ್ಣಗೆ ಶಿಳ್ಳೆ ಹಾಕಿದ ಹಾಗೆ ಸದ್ದು ಬರುತ್ತದೆ ಈಗೀಗ. ಏನೇ ಅದು ಅಂದರೆ "ಹಾಡು ಹೇಳ್ತಿದೀನಿ ಅಕ್ಕ" ಅನ್ನುತ್ತಾಳೆ.

ಏಳು ಗಂಟೆಗೆ ಇವರು ಬಂದರು. ಇಸ್ತ್ರಿ ಶರ್ಟು, ಎಣ್ಣೆ ಹಚ್ಚಿ ಬಾಚಿದ ತಲೆ. ಮೊದಲ ಬನ್ನು ಮುರಿದು ಮೂಸಿದರು. "ದೇವರ ದಯೆ" ಅಂದರು. ದೇವರ ದಯೆಯನ್ನು ಕತ್ತಲಲ್ಲೇ ಎದ್ದು ಕಲಸಿದ್ದು ನಾವಿಬ್ಬರು. ಹೇಳಲಿಲ್ಲ.

ಸೋಪು ಮುಗಿದಿದೆ ಅಂದೆ. "ತೋರಿಸು" ಅಂದರು. ಉಗುರಿನಷ್ಟು ಚೂರು ತಂದು ತೋರಿಸಿದೆ. "ಇನ್ನೂ ಬರುತ್ತಲ್ಲ" ಅಂದರು. ಬೇಕರಿಯ ಮಾಲೀಕರು, ಚರ್ಚಿನ ಹಿರಿಯರು, ಊರಿಗೆಲ್ಲ "ಕೊಡುಗೈ ಯಜಮಾನರು". ಆ ಕೈಯನ್ನು ಮನೆಗೆ ಬರುವಾಗ ಎಲ್ಲಿ ಬಿಚ್ಚಿಟ್ಟು ಬರುತ್ತಾರೋ ಗೊತ್ತಿಲ್ಲ.

ಫೆಬ್ರವರಿ 11, ಭಾನುವಾರ

ಚರ್ಚಿನಲ್ಲಿ ದೇವರು ಮಾಡಿದ ಉಪಕಾರಕ್ಕೆ ಎದ್ದು ಸಾಕ್ಷಿ ಹೇಳುವ ಹೊತ್ತು. ಇವರು ಎದ್ದು ಬಲಗೈ ಎತ್ತಿ ತೋರಿಸಿದರು. "ದೇವರು ನಂಗೆ ನಂಬಿ ಕೊಟ್ಟ ತಲಾಂತು, ಅವನ ಬಂಡವಾಳ, ಅಂದ್ರೆ ಈ ಕೈ. ಈ ಕೈಯಿಂದ ಬ್ರೆಡ್ಡು ಮಾಡಿದೆ, ಈ ಕೈಯಿಂದಾನೇ ವಾಪಸ್ ಕೊಡ್ತೀನಿ. ನಮ್ದೇನಿದೆ? ಎಲ್ಲಾ ಅವನದು. ನಾವು ಬರೀ ಮನೆವಾರ್ತೆ ನೋಡ್ಕೊಳ್ಳೋರು."

ಪಕ್ಕದಲ್ಲಿ ತಂಗಿ. ನಾನು ಅವಳ ಕೈ ನೋಡಿದೆ, ಅವಳು ನನ್ನ ಕೈ ನೋಡಿದಳು. ನಾಲ್ಕೂ ಸುಟ್ಟ ಕಲೆಗಳ ಕೈ. ಅವಳಿಗೆ ನಗು ಬಂತು. ಕೆಮ್ಮಿ ಮುಚ್ಚಿಕೊಂಡಳು. ಕೆಮ್ಮು ನಿಲ್ಲಲಿಲ್ಲ, ಎದ್ದು ಹೊರಗೆ ಹೋಗಬೇಕಾಯಿತು.

ಚರ್ಚಿಗೆ ಬಣ್ಣದ ಗಾಜಿನ ಕಿಟಕಿ ಮಾಡಿಸಿಕೊಡುತ್ತಾರಂತೆ. ಇಡೀ ಗೋಡೆಯಷ್ಟು. ಹೆಸರು ಬೇಡ ಅಂದರು, ಎಲ್ಲರ ಮುಂದೆ. ಮಧ್ಯಾಹ್ನ ಗಾಜಿನವನಿಗೆ ಫೋನ್ ಮಾಡಿ, ಅಕ್ಷರ ಎಷ್ಟು ದಪ್ಪ ಇರಬೇಕು ಅಂತ ವಿವರಿಸಿದರು.

ಫೆಬ್ರವರಿ 14, ಬುಧವಾರ

ತಂಗಿಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಇವರು ಊಟ ಮುಗಿಸುವ ತನಕ ಕಾದೆ.

"ಆಪರೇಷನ್ ಆಗ್ಲೇಬೇಕಂತೆ. ಹಾರ್ಟಿನ ವಾಲ್ವು. ತಡ ಮಾಡ್ಬೇಡಿ ಅಂದ್ರು."

"ಎಷ್ಟಂತೆ?"

ಹೇಳಿದೆ. ಕೈ ತೊಳೆದುಕೊಂಡರು. ಒರೆಸಿಕೊಂಡರು, ಒಂದೊಂದೇ ಬೆರಳು.

"ನೋಡು, ಬೇರೆ ಯಾರಾದ್ರೂ ಆಗಿದ್ರೆ ಯೋಚನೆ ಮಾಡ್ತಿರ್ಲಿಲ್ಲ. ನಿನ್ನ ತಂಗಿ. ನಮ್ಮವಳು. ದೇವರ ದುಡ್ಡನ್ನ ನಮ್ಮವರಿಗೇ ಹಾಕ್ಕೊಂಡ್ರೆ ಕಳ್ಳತನ ಆಗುತ್ತೆ. ನಾಳೆ ಅವನು ಲೆಕ್ಕ ಕೇಳಿದ್ರೆ ನಾನೇನು ಹೇಳ್ಲಿ?"

"ಅವಳು ಸಾಯ್ತಾಳೆ."

"ಪ್ರಾರ್ಥನೆ ಮಾಡೋಣ, ಬಾ."

ಮಂಡಿಯೂರಿದರು. ನಾನೂ ಊರಿದೆ. ಚೆನ್ನಾಗಿ ಪ್ರಾರ್ಥಿಸಿದರು. ಕಣ್ಣಲ್ಲಿ ನೀರು ಬಂತು — ನಿಜವಾದ ನೀರು. ಭಯವಾಗಿದ್ದು ಆಗಲೇ. ನಾಟಕ ಆಗಿದ್ದರೆ ಜಗಳ ಆಡಬಹುದಿತ್ತು.

ಫೆಬ್ರವರಿ 21, ಬುಧವಾರ

ತಂಗಿ ತಾನೇ ಹೋಗಿ ಕೇಳಿದಳಂತೆ. ಗಲ್ಲಾಪೆಟ್ಟಿಗೆ ಮುಂದೆ, ಕೆಲಸದವರೆಲ್ಲ ಇದ್ದಾಗಲೇ. "ನಂಬಿಕೆ ಇಲ್ವಾ ನಿಂಗೆ?" ಅಂದರಂತೆ ಇವರು. ಅಷ್ಟೇ.

ನನ್ನ ಹತ್ತಿರ ಬಂದು ಹಿಟ್ಟಿನ ಕೈಯಲ್ಲೇ ಮೂಗು ಒರೆಸಿಕೊಂಡಳು. "ಬಿಡಕ್ಕ. ಭಾವ ನಂಗೋಸ್ಕರ ಮಂಡಿನಾದ್ರೂ ಊರಿದ್ರಲ್ಲ. ನಿಂಗೋಸ್ಕರ ಯಾವತ್ತಾದ್ರೂ ಊರಿದ್ದಾರಾ?"

ನಕ್ಕೆವು. ಅವಳ ಮಗಳು ಮಾತ್ರ ನಗಲಿಲ್ಲ. ಮರಿ ಅನ್ನುತ್ತಾರೆ ಎಲ್ಲರೂ ಅವಳನ್ನು, ಇಪ್ಪತ್ತೈದು ದಾಟಿದರೂ. ತಾಯಿ ಮಗಳಿಗೆ ಬೇಕರಿಯ ಮೇಲಿನ ಎರಡು ರೂಮೇ ಮನೆ — ತಂಗಿಯ ಗಂಡ ಬಿಟ್ಟು ಹೋದಾಗಿನಿಂದ. ಮರಿ ಟ್ರೇ ಒರೆಸುತ್ತಾ ನಿಂತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು.

ಮಾರ್ಚ್ 3, ಶನಿವಾರ

ಬೆಳಿಗ್ಗೆ ಟ್ರೇ ಬಿದ್ದ ಸದ್ದು. ಯಾರೋ ಕೈಜಾರಿಸಿದರು ಅಂದುಕೊಂಡೆ. ತಿರುಗಲೂ ಇಲ್ಲ. "ಹುಷಾರು" ಅಂದೆ ಬೆನ್ನು ಹಾಕಿಕೊಂಡೇ.

ಆಮೇಲೆ ಮರಿ ಕಿರುಚಿದಳು.

ಈಗ ಆಸ್ಪತ್ರೆಯ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ತಂಗಿಯ ಹತ್ತಿರ ಬಿಡುತ್ತಿಲ್ಲ. ಇವರು ಪಾಸ್ಟರನ್ನು ಕರೆಸಿದ್ದಾರೆ. ಡಾಕ್ಟರನ್ನು ಏನೂ ಕೇಳಲಿಲ್ಲ, ಪಾಸ್ಟರನ್ನು ಕರೆಸಿದರು.

ಮಾರ್ಚ್ 27, ಮಂಗಳವಾರ

ತಂಗಿಯ ಶವದ ಪೆಟ್ಟಿಗೆ ಇವರೇ ಆರಿಸಿದ್ದು. ತೇಗದ್ದು. ಹಿತ್ತಾಳೆ ಹಿಡಿ. ಒಳಗೆ ಬಿಳಿ ಸ್ಯಾಟಿನ್. ಬಂದವರೆಲ್ಲ ಹಿಡಿ ಮುಟ್ಟಿ ನೋಡಿದರು. ನಾದಿನಿಗೆ ಇಷ್ಟು ಮಾಡುವವರು ಈ ಕಾಲದಲ್ಲಿ ಯಾರಿದ್ದಾರೆ ಅಂದರು. ಇವರು ತಲೆ ತಗ್ಗಿಸಿ ನಿಂತಿದ್ದರು. ನಮ್ಮದೇನಿದೆ ಅಂದರು.

ಪೆಟ್ಟಿಗೆಗೆ ದುಡ್ಡಿತ್ತು.

ಈ ಒಂದು ಸಾಲು ಬರೆಯಲು ಇಷ್ಟು ದಿನ ಹಿಡಿಯಿತು.

ಏಪ್ರಿಲ್ 8, ಭಾನುವಾರ

ಇವತ್ತು ಏನೋ ಆಯಿತು. ಬೇಕೆಂದು ಮಾಡಿದ್ದಲ್ಲ.

ಆರಾಧನೆ ಮುಗಿದು ಮೆಟ್ಟಿಲ ಮೇಲೆ ನಿಂತಿದ್ದೆವು. ಆರ್ಗನ್ ನುಡಿಸುವವನು ಇವರ ಹೊಸ ಗಡಿಯಾರ ನೋಡಿ "ಯಜಮಾನ್ರೇ, ಗಡಿಯಾರ ಅಂದ್ರೆ ಇದು" ಅಂದ. ನನ್ನ ಬಾಯಿಂದ ತಾನಾಗಿ ಬಂತು — "ಅಯ್ಯೋ, ನಿಮಗೇ ಕೊಡ್ಬೇಕು ಅಂತ ಬೆಳಿಗ್ಗೆಯಿಂದ ಹೇಳ್ತಿದಾರೆ. ಸಂಕೋಚ ಅವರಿಗೆ."

ಸುತ್ತ ಜನ. ಪಾಸ್ಟರ್. ಪಾಸ್ಟರ್ ಹೆಂಡತಿ. ಎಲ್ಲರ ಮುಖ ಇವರ ಕಡೆ ತಿರುಗಿತು.

ಇವರು ನನ್ನನ್ನು ನೋಡಿದರು. ಗಡಿಯಾರ ಬಿಚ್ಚಿದರು. ಪಟ್ಟಿ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ನಗುತ್ತಲೇ ಇದ್ದರು.

"ಇಲ್ಲ" ಅಂದಿದ್ದರೆ ಮುಗಿಯುತ್ತಿತ್ತು. ಜನರ ಮುಂದೆ ಆ ಮಾತು ಇವರ ಬಾಯಿಗೆ ಬರುವುದಿಲ್ಲ. ಅದನ್ನು ನಮಗಾಗಿ ಮೀಸಲಿಟ್ಟಿದ್ದಾರೆ, ಮನೆಯವರಿಗೆ.

ತಂಗಿ ಹೋದಮೇಲೆ ಮೊದಲ ಸಲ ಇವತ್ತು ಹೊಟ್ಟೆ ತುಂಬ ಉಂಡೆ.

ಏಪ್ರಿಲ್ 15, ಭಾನುವಾರ

ಸಾಕ್ಷಿ ಹೇಳುವ ಹೊತ್ತಿನಲ್ಲಿ ನಾನು ಎದ್ದೆ. ಮದುವೆಯಾದಾಗಿನಿಂದ ಒಂದು ಸಲವೂ ಎದ್ದವಳಲ್ಲ. ಮುಂದಿನ ಬೆಂಚು ಹಿಡಿದುಕೊಂಡೆ.

"ನಮ್ಮೆಜಮಾನ್ರು ಬಾಯಿಬಿಟ್ಟು ಹೇಳೋರಲ್ಲ. ಅದಕ್ಕೆ ನಾನೇ ಹೇಳ್ತೀನಿ. ರೋಗಿಗಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಗಾಡಿ ಇಲ್ಲ ಅಂತ ಪಾಸ್ಟರ್ ಹೇಳಿದ್ರಲ್ಲ. ನಮ್ಮ ಕಾರು ತಗೊಳ್ಳಿ. ದೇವರದ್ದು. ನಾವು ಬರೀ ಓಡಿಸ್ತಿದ್ವಿ."

ಆಮೆನ್, ಆಮೆನ್, ಆಮೆನ್. ಸಾಲುಸಾಲಾಗಿ ಬಂತು, ಹಿಂದಿನಿಂದ ಮುಂದಕ್ಕೆ. ಇವರು ಎದ್ದು ಕೈಮುಗಿದರು. ಕಿವಿ ಕೆಂಪಾಗಿತ್ತು. ವಿನಯ ಅಂದುಕೊಂಡರು ಜನ.

ನಡೆದುಕೊಂಡು ಮನೆಗೆ ಬಂದೆವು. ಇವರ ಬೂಟು ಕಚ್ಚುತ್ತಿತ್ತು, ಕುಂಟುತ್ತಿದ್ದರು.

ಏಪ್ರಿಲ್ 17, ಮಂಗಳವಾರ

ತಂಗಿಯ ಶಾಲು ಕಾಣಿಸುತ್ತಿಲ್ಲ. ಅವಳ ಏಪ್ರನ್ನೂ ಇಲ್ಲ. ನಮ್ಮವ್ವ ಬಿಟ್ಟುಹೋದ, ಹಿಟ್ಟು ಕಲಸುವ ಮರದ ತೊಟ್ಟಿ — ಅದೂ ಇಲ್ಲ.

"ಎಲ್ಲಿ?"

ಇವರು ಪೇಪರಿನಿಂದ ತಲೆ ಎತ್ತಲಿಲ್ಲ. "ಬಡವರ ಪೆಟ್ಟಿಗೆಗೆ ಹಾಕ್ದೆ. ತೊಟ್ಟೀನ ಯಾರೋ ಸೌದೆಗೆ ಒಯ್ದರು. ನಮ್ದೇನಿದೆ? ನೀನೇ ಶುರು ಮಾಡಿದ್ದಲ್ವಾ ಈ ಆಟ?"

ಊಟದ ಮೇಜಿನ ಹತ್ತಿರ ನನ್ನ ಕುರ್ಚಿಯೂ ಇರಲಿಲ್ಲ. ನಿಂತುಕೊಂಡು ಉಂಡೆ. ಇವರು ನಿಧಾನವಾಗಿ ಅಗಿಯುತ್ತಿದ್ದರು.

ಮಧ್ಯಾಹ್ನ ಮರಿ ಬಂದಳು. "ದೊಡ್ಡಮ್ಮ, ಅಮ್ಮನ ಶಾಲು ನಾನು ತಗೊಳ್ಲಾ?" ದಾನ ಮಾಡಿದೆವು ಅಂದೆ. ಯಾರು ಅಂತ ಹೇಳಲಿಲ್ಲ. ಅವಳು ಮೆಟ್ಟಿಲಿಳಿದು ಹೋದಳು.

ಏಪ್ರಿಲ್ 25, ಬುಧವಾರ

ಇವರ ಹಾಸಿಗೆ ಕೊಟ್ಟೆ. ಸ್ಪ್ರಿಂಗಿನದು. ಚರ್ಚಿನ ಮಹಿಳಾ ಕೂಟದವರು ಬಂದಿದ್ದಾಗ, ಇವರ ಎದುರೇ. ನಾಲ್ಕು ಜನ ಹೆಂಗಸರು ಹಾಡು ಹೇಳುತ್ತಾ ಹೊತ್ತುಕೊಂಡು ಹೋದರು.

ಇವರು ನನ್ನ ಹೊಲಿಗೆ ಮಿಷನ್ ಕೊಟ್ಟರು.

ನಾನು ಇವರ ಕೋಟು, ಬೂಟು, ಛತ್ರಿ ಕೊಟ್ಟೆ.

ಇವರು ಮನೆಯ ಫ್ಯಾನ್ ಕೊಟ್ಟರು. ಇಬ್ಬರೂ ಬೆವರುತ್ತಾ ಕೂತಿದ್ದೇವೆ. ಇವರು ಮಂಚದ ಬರೀ ಹಲಗೆಯ ಮೇಲೆ, ನಾನು ನೆಲದ ಮೇಲೆ. ಎದುರುಬದುರು. ಹೊರಗಿನಿಂದ ಯಾರಾದರೂ ನೋಡಿದರೆ ಸಂತರ ಮನೆ ಅನ್ನಬೇಕು.

ಮೇ 6, ಭಾನುವಾರ

ಇವತ್ತಿನ ಉಪದೇಶ ನಮ್ಮ ಬಗ್ಗೆ! ಪಾಸ್ಟರ್ ನಮ್ಮ ಬೆಂಚಿನ ಕಡೆ ಕೈ ತೋರಿಸಿದರು. "ಈ ದಂಪತಿಗಳನ್ನ ನೋಡಿ. ಒಬ್ಬರನ್ನೊಬ್ಬರು ಮೀರಿಸೋ ಹಾಗೆ ಕೊಡ್ತಿದಾರೆ." ಟೈರ್ ಅಂಗಡಿಯವನು ಹಿಂದೆ ಬೀಳಬಾರದು ಅಂತ ಚರ್ಚಿಗೊಂದು ಜನರೇಟರ್ ಘೋಷಿಸಿದ. ಅವನ ಹೆಂಡತಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ, ಮುಖ ಇಷ್ಟು ಚಿಕ್ಕದಾಯಿತು.

ಮನೆಗೆ ಬಂದಮೇಲೆ ಇವರು ಮೊದಲ ಸಲ ಕೈ ಮಾಡಿದರು. ಕಪಾಳಕ್ಕೆ. ಹೊಡೆದ ಕೈಯನ್ನು ತಾವೇ ಒಂದು ಕ್ಷಣ ನೋಡಿಕೊಂಡರು. "ನಿಂಗೆ ತಲೆ ಕೆಟ್ಟಿದೆ. ತಂಗಿ ಹೋದಾಗಿಂದ ಕೆಟ್ಟಿದೆ. ಪಾಸ್ಟರಿಗೆ ಹೇಳ್ತೀನಿ."

"ಹೇಳಿ" ಅಂದೆ.

ಮೇ 13, ಭಾನುವಾರ, ಮಧ್ಯಾಹ್ನ

ಹೇಳಿದರು. ಊಟ ಆದಮೇಲೆ ಪಾಸ್ಟರ್ ಬಂದರು, ಜೊತೆಗೆ ಇಬ್ಬರು ಹಿರಿಯರು. ನನ್ನ ಮನಸ್ಸಿಗೆ ಶಾಂತಿ ಸಿಗಲಿ ಅಂತ ಪ್ರಾರ್ಥಿಸುವುದಕ್ಕೆ. ಕೂರಲು ಕುರ್ಚಿ ಇರಲಿಲ್ಲ, ಎಲ್ಲ ಕೊಟ್ಟಾಗಿತ್ತು. ಗೋಡೆಗೆ ಒರಗಿ ಸಾಲಾಗಿ ನಿಂತರು.

"ಸಿಸ್ಟರ್, ನಿಮಗೆ ನಿದ್ದೆ ಸರಿಯಾಗಿ ಬರ್ತಿಲ್ವಂತೆ. ಏನೇನೋ ಮಾತಾಡ್ತೀರಂತೆ."

"ನಂಗೇನೂ ಆಗಿಲ್ಲ ಪಾಸ್ಟರ್. ಚಿಂತೆ ಇವರದ್ದೇ. ಬೆಳಿಗ್ಗೆ ಎದ್ದು ಅಳ್ತಾರೆ. 'ಸ್ವಾಮಿ, ಈ ಮನೆ ಒಂದು ಉಳೀತಲ್ಲ, ಇದನ್ನ ಕೊಡೋ ಧೈರ್ಯ ಕೊಡು' ಅಂತ. ನಮಗೋ ಮಕ್ಕಳಿಲ್ಲ. ಯಾರಿಗೆ ಬೇಕು ಇಷ್ಟು ದೊಡ್ಡ ಮನೆ? ನನಗಲ್ಲ, ಇವರಿಗೋಸ್ಕರ ಪ್ರಾರ್ಥನೆ ಮಾಡಿ. ಧೈರ್ಯ ಬರ್ಲಿ."

ಪಾಸ್ಟರ ಕಣ್ಣು ಒಂದು ಸುತ್ತು ಹೊಡೆಯಿತು — ಹಾಲ್, ಮೆಟ್ಟಿಲು, ಹಿತ್ತಲ ಬಾಗಿಲು. ಆಮೇಲೆ ತಟ್ಟನೆ ಮಂಡಿಯೂರಿದರು. ಹಿರಿಯರೂ ಊರಿದರು. "ಬ್ರದರ್, ಬ್ರದರ್, ನೀವು ನನಗೆ ಒಂದು ಮಾತೂ ಹೇಳ್ಲಿಲ್ಲವಲ್ಲ!" ಅಂತ ಇವರ ಕಾಲು ಹಿಡಿದುಕೊಂಡೇ ಬಿಟ್ಟರು.

ಇವರು ಬಾಯಿ ತೆರೆದರು. ನಾನು ಕಾದೆ. ನಿಜ ಹೇಳುತ್ತೇನೆ, ಆ ಕ್ಷಣ ಇವರು "ಇಲ್ಲ" ಅನ್ನಲಿ ಅಂತ ಆಸೆಯೂ ಇತ್ತು. ಒಂದು ಸಲ ಮನುಷ್ಯನ ಹಾಗೆ ಕೂಗಾಡಲಿ ಅಂತ.

"ದೇವರ ಚಿತ್ತ" ಅಂದರು ಇವರು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

ಮೇ 29, ಮಂಗಳವಾರ

ರಿಜಿಸ್ಟ್ರಾರ್ ಆಫೀಸು, ಮನೆಯ ದಾನಪತ್ರ. ಇವರು ಪೆನ್ನು ಹಿಡಿದು ಕೂತೇ ಇದ್ದರು. ಗುಮಾಸ್ತ ಆಕಳಿಸಿದ. ಪಾಸ್ಟರ್ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. ಕೊನೆಗೆ ಇವರು ನನ್ನ ಕಡೆ ತಿರುಗಿದರು. ಬೇಡಿಕೊಳ್ಳುವ ಕಣ್ಣು. ತಂಗಿಯ ಕಣ್ಣೂ ಗಲ್ಲಾಪೆಟ್ಟಿಗೆ ಮುಂದೆ ಹೀಗೆಯೇ ಇದ್ದಿರಬೇಕು.

"ಜನ ಕಾಯ್ತಿದಾರೆ" ಅಂದೆ.

ಸಹಿ ಹಾಕಿದರು.

ಜೂನ್ 19, ಮಂಗಳವಾರ

ಮನೆಯ ಹಿಂದೆ ಹಿಟ್ಟಿನ ಮೂಟೆ ಇಡುತ್ತಿದ್ದ ಎರಡು ಕೋಣೆ ಈಗ ನಮಗೆ. ಮನೆ ವೃದ್ಧಾಶ್ರಮ ಆಗುತ್ತದೆ ಅಂದಿದ್ದರು. ವೃದ್ಧರು ಬರುವ ತನಕ ಖಾಲಿ ಬಿಡಬಾರದು ಅಂತ ಪಾಸ್ಟರ ಸಂಸಾರ ಬಂದಿದೆ. ನನ್ನ ಅಡುಗೆಮನೆಯ ಕಿಟಕಿಗೆ ಅವರ ಪರದೆ. ಹಳದಿ.

ಇವರು ಕುಗ್ಗಿದ್ದಾರೆ. ದಾರಿಯಲ್ಲಿ ಜನ ನಿಲ್ಲಿಸಿ ಮಾತಾಡಿಸುವುದು ಕಮ್ಮಿಯಾಗಿದೆ. ಈಗ ಎಲ್ಲರಿಗೂ ಟೈರ್ ಅಂಗಡಿಯವನು ಬೇಕು. ಪಾಸ್ಟರ್ ಹೆಂಡತಿ ನಿನ್ನೆ ಇವರಿಗೆ ಹಳೆಯ ಸ್ವೆಟರ್ ಒಂದನ್ನು ಕೊಟ್ಟಳು. ಇವರು ಹಾಕಿಕೊಂಡರು. ತೋಳು ಗಿಡ್ಡ. ಆ ತೋಳು ನೋಡಿ ಒಳಗೆ ಹೋಗಿ ನಕ್ಕೆ. ಅಳು ಬರುವ ತನಕ ನಕ್ಕೆ.

ಸಾಕು ಅನ್ನಿಸುತ್ತಿದೆ. ಆಗಬೇಕಾದ್ದು ಆಯಿತು. ಇನ್ನು ಬೇಕರಿಯಲ್ಲಿ ಮರಿಯ ಜೊತೆ ಹಿಟ್ಟು ಕಲಸಿಕೊಂಡು ಇದ್ದುಬಿಡಬಹುದು. ಒಲೆ ಈಗ ಅವಳೇ ನೋಡಿಕೊಳ್ಳುತ್ತಾಳೆ. ಅವರಮ್ಮನದೇ ಕೈ.

ಜುಲೈ 1, ಭಾನುವಾರ

ಮಹಿಳಾ ಕೂಟದಲ್ಲಿ ಮಾತಾಡಲು ಕರೆದಿದ್ದರು. ಬೇರೆ ಚರ್ಚುಗಳಿಂದಲೂ ಬಂದಿದ್ದರು. ಮೈಕು ಕೊಟ್ಟರು. ಏನು ಹೇಳಿದೆನೋ ನೆನಪಿಲ್ಲ, ಇವರು ಹೇಳುತ್ತಿದ್ದುದನ್ನೇ ಹೇಳಿರಬೇಕು. ಆದರೆ ನಾನು ಹೇಳಿದಾಗ ಹೆಂಗಸರು ಅತ್ತರು. ಒಬ್ಬಳು ಕಿವಿಯ ಓಲೆ ಬಿಚ್ಚಿ ನನ್ನ ಕೈಗೆ ಹಾಕಿದಳು. "ಕೊಡುಗೈಯಮ್ಮ, ನಿಮ್ಮ ಕೈಯಿಂದಾನೇ ಕೊಡಿ" ಅಂದಳು.

ಕೊಡುಗೈಯಮ್ಮ.

ಕತ್ತಿನ ಹಿಂದೆ ಬಿಸಿ ಏರುತ್ತದೆ ಆಮೆನ್ ಬಂದಾಗ. ಒಲೆಯ ಬಾಗಿಲು ತೆರೆದಾಗ ಬರುವ ಬಿಸಿಯಂಥದ್ದೇ, ಸುಡುವುದಿಲ್ಲ ಮಾತ್ರ. ಇಷ್ಟು ವರ್ಷ ಇದನ್ನು ಇವರೊಬ್ಬರೇ ಅನುಭವಿಸಿದರು.

ಜುಲೈ 8, ಭಾನುವಾರ

ಬೇಕರಿ ಕೊಟ್ಟೆ.

ಬೇಕೆಂದು ಹೋಗಿರಲಿಲ್ಲ. ಆರಾಧನೆಗೆ ಮುಂಚೆ ಪಾಸ್ಟರ್ ಪಕ್ಕಕ್ಕೆ ಕರೆದು "ಸಿಸ್ಟರ್, ಇವತ್ತು ದೂರದಿಂದ ಅತಿಥಿಗಳು ಬಂದಿದಾರೆ, ದೇವರು ನಿಮ್ಮ ಮನಸ್ಸಲ್ಲಿ ಏನಾದ್ರೂ ಹಾಕಿದ್ರೆ..." ಅಂದರು. ಎದ್ದು ನಿಂತಾಗ ಹೇಳಲು ಏನೂ ಇರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಟೈರ್ ಅಂಗಡಿಯವನು ಕೂಡ. ಅವನು ಏಳುವುದಕ್ಕೆ ತಯಾರಾಗುತ್ತಿದ್ದ, ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಅದನ್ನು ನೋಡಿ ಬಾಯಿಗೆ ಬಂದದ್ದು ಬೇಕರಿ.

ಕೂತೆ. ಇವರು ಪಿಸುಗುಟ್ಟಿದರು. "ನಾನೂ ಹೀಗೇ ಕೊಡ್ತಿದ್ದೆ."

ಸಿಟ್ಟಿನ ದನಿ ಅಲ್ಲ.

ಜುಲೈ 23, ಸೋಮವಾರ

ಮರಿ ಬಂದಳು. ಹಿಟ್ಟಿನ ಕೈ, ತಲೆಗೆ ಬಟ್ಟೆ. ಕೂರು ಅಂದೆ, ಕೂರಲಿಲ್ಲ.

"ಬೇಕರೀನ ಚರ್ಚಿನವರು ಬಿಸ್ಕತ್ ಕಂಪನಿಯವರಿಗೆ ಬಾಡಿಗೆಗೆ ಕೊಡ್ತಾರಂತೆ. ಬಿಸ್ಕತ್ ಮಾಡೋ ಮಿಷನ್ ಬರುತ್ತಂತೆ. ನಮಗೆಲ್ಲ ಈ ತಿಂಗಳಿಗೆ ಕೆಲಸ ಬಿಡಿ ಅಂದ್ರು. ಮೇಲಿನ ರೂಮೂ ಖಾಲಿ ಮಾಡ್ಬೇಕಂತೆ, ಆಫೀಸಿಗೆ. ನಿಮಗೆ ಗೊತ್ತಿತ್ತಾ ದೊಡ್ಡಮ್ಮ?"

"ದೇವರ ಕೆಲಸಕ್ಕೆ ಕೊಟ್ಟಿದ್ದು ಮರಿ. ಅವರು ಏನು ಮಾಡ್ತಾರೋ ಅವರಿಗೆ ಬಿಟ್ಟಿದ್ದು."

"ನೀವು ಕೊಟ್ಟಿದ್ದು ಯಾರದು? ಆ ಒಲೆ ಮುಂದೆ ಬಿದ್ದು ಸತ್ತಿದ್ದು ನನ್ನಮ್ಮ. ನನ್ನ ಒಂದು ಮಾತು ಕೇಳಿದ್ರಾ? ಕೆಳಗೆ ಕೆಲಸ ಮಾಡೋರನ್ನ ಕೇಳಿದ್ರಾ?"

"ದೊಡ್ಡಪ್ಪನ ಹೆಸರಲ್ಲಿತ್ತು, ಅವರೇ ಸಹಿ ಹಾಕಿ—"

"ದೊಡ್ಡಪ್ಪ ನಮ್ಮಮ್ಮನ್ನ ಸಾಯೋಕೆ ಬಿಟ್ರು. ನೀವು ಅವರ ಮೇಲೆ ಸೇಡು ತೀರಿಸ್ಕೋತಿದೀರ ಅಂದ್ಕೊಂಡೆ. ಒಳಗೊಳಗೆ ಖುಷಿನೂ ಪಟ್ಟೆ, ಮಾಡ್ಲಿ ಅಂತ. ಆ ಶಾಲು ಹೋದಾಗ್ಲೂ ಸುಮ್ಮನಿದ್ದೆ." ಮೂಲೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದ ಇವರ ಕಡೆ ಕೈ ತೋರಿಸಿದಳು. "ಅವರ ಮೇಲಿನ ಸಿಟ್ಟು ಯಾವಾಗ ಮುಗೀತು ನಿಮಗೆ? ಹೇಳಿ. ಮುಗಿದ ಮೇಲೂ ಯಾಕೆ ನಿಲ್ಲಿಸ್ಲಿಲ್ಲ?"

ಉತ್ತರ ಇತ್ತು. ಹೇಳುವಂಥದ್ದಲ್ಲ.

"ಪಾಸ್ಟರ್ ಹತ್ರ ಮಾತಾಡ್ತೀನಿ" ಅಂದೆ.

ಜುಲೈ 26, ಗುರುವಾರ

ಪಾಸ್ಟರ್ ಹತ್ತಿರ ಹೋದೆ. ನನ್ನದೇ ಹಾಲ್‌ನಲ್ಲಿ ನನ್ನನ್ನು ಕೂರಿಸಿ ಟೀ ಕೊಟ್ಟರು. ಹುಡುಗಿಗೆ ಆ ರೂಮು ಬಿಟ್ಟರೆ ಬೇರೆ ನೆಲೆ ಇಲ್ಲ ಅಂದೆ. ತಲೆಯಾಡಿಸಿದರು. "ಕಷ್ಟ ಸಿಸ್ಟರ್. ನಿಮ್ಮ ಕುಟುಂಬಕ್ಕೇ ಒಂದು ಭಾಗ ಉಳಿಸ್ಕೊಂಡ್ರೆ ಜನ ಏನಂತಾರೆ? ಕೊಟ್ಟಿದ್ದೆಲ್ಲ ವಾಪಸ್ ತಗೊಂಡ ಹಾಗೆ. ನಿಮ್ಮ ಹೆಸರಿಗೆ..."

ಪೂರ್ತಿ ಹೇಳಲಿಲ್ಲ. ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕಿದರು.

"ಅವಳೇ ಮನಸಾರೆ ಬಿಟ್ಟುಕೊಟ್ಟಳು ಅಂತಾದ್ರೆ ಎಷ್ಟು ಚೆನ್ನಾಗಿರುತ್ತೆ!" ಅಂದರು.

ಬರುವ ದಾರಿಯುದ್ದಕ್ಕೂ ಆ ಮಾತನ್ನೇ ಜೋಡಿಸಿಕೊಳ್ಳುತ್ತಿದ್ದೆ. ಯಾವ ಪದ ಮೊದಲು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು.

ಆಗಸ್ಟ್ 5, ಭಾನುವಾರ

ಎದ್ದೆ. ಮರಿ ಹಿಂದಿನ ಬೆಂಚಿನಲ್ಲಿದ್ದಳು, ಕೆಲಸದವರ ಜೊತೆ.

"ನನ್ನ ತಂಗಿ ಈ ಸಭೆಯ ಮಗಳು. ಅವಳ ಮಗಳು ತನಗಿರೋ ಒಂದೇ ಒಂದು ಸೂರನ್ನ, ಅಮ್ಮನ ನೆನಪಿಗೆ, ಮನಸಾರೆ—"

"ಇಲ್ಲ."

ಕೂಗಲಿಲ್ಲ. ಅಂಗಡಿಯಲ್ಲಿ ಬ್ರೆಡ್ಡು ಮುಗಿದಿದೆ ಅನ್ನುವ ಹಾಗೆ ಅಂದಳು.

"ನಾನು ಕೊಡಲ್ಲ. ಕೊಡ್ತೀನಿ ಅಂತ ಹೇಳೂ ಇಲ್ಲ. ದೊಡ್ಡಮ್ಮ ಸುಳ್ಳು ಹೇಳ್ತಿದಾರೆ. ಮನೆ ವಿಷಯದಲ್ಲೂ ಸುಳ್ಳೇ ಹೇಳಿದ್ದು, ಕಾರಿನ ವಿಷಯದಲ್ಲೂ ಸುಳ್ಳೇ. ದೊಡ್ಡಪ್ಪ ಇವ್ಯಾವುದನ್ನೂ ತಾವಾಗಿ ಕೊಟ್ಟೋರಲ್ಲ, ಇವರು ಕೊಡಿಸಿದ್ದು. ಬೇಕಾದ್ರೆ ಅವರನ್ನೇ ಕೇಳಿ."

ಎಲ್ಲರೂ ಇವರ ಕಡೆ ತಿರುಗಿದರು.

ಇವರು ಎದ್ದರು. ಗಿಡ್ಡ ತೋಳಿನ ಸ್ವೆಟರ್ ಎಳೆದು ಸರಿ ಮಾಡಿಕೊಂಡರು. ಈಗ ಮುಗಿಯಿತು ಅಂದುಕೊಂಡೆ. ಒಂದು ಮಾತು ಹೇಳಿದರೆ ಮನೆಯೂ ವಾಪಸ್ ಕೇಳಬಹುದು, ನನ್ನನ್ನು ಬೀದಿಗೂ ತಳ್ಳಬಹುದು.

"ಹುಡುಗಿಗೆ ಮನಸ್ಸು ಸರಿ ಇಲ್ಲ" ಅಂದರು ಇವರು. "ತಾಯಿ ಹೋದಾಗಿಂದ. ಪ್ರಾರ್ಥನೆ ಮಾಡಿ ಅವಳಿಗೋಸ್ಕರ. ನಾವು ಕೊಟ್ಟಿದ್ದೆಲ್ಲ ಮನಸಾರೆ ಕೊಟ್ಟಿದ್ದೇ."

ಆಮೆನ್ ಬಂತು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಮರಿ ಕೆಲಸದವರನ್ನು ಕರೆದುಕೊಂಡು ಹೊರಗೆ ನಡೆದಳು. ಬಾಗಿಲು ಬಡಿಯಲಿಲ್ಲ, ಮೆಲ್ಲಗೆ ಎಳೆದುಕೊಂಡು ಹೋದಳು.

ಆಗಸ್ಟ್ 6, ಸೋಮವಾರ

ಬೆಳಿಗ್ಗೆ ಇವರೇ ಟೀ ಮಾಡಿ ತಂದರು. ಮದುವೆಯಾದಾಗಿನಿಂದ ಇದೇ ಮೊದಲು. ಹಲಗೆಯ ಮೇಲೆ ಸರಿದು ನನಗೆ ಜಾಗ ಕೊಟ್ಟರು.

"ಯಾಕೆ ಹಾಗಂದ್ರಿ ನಿನ್ನೆ?" ಕೇಳಿದೆ.

"ಮತ್ತೇನನ್ಲಿ? ಕೊಟ್ಟಿಲ್ಲ ಅಂದ್ರೆ ನಾನು ಯಾರು?" ಟೀ ಊದಿ ಕುಡಿದರು. "ನಿಂಗೂ ಈಗ ಗೊತ್ತಾಯ್ತಲ್ಲ, ಹೆಂಗಿರುತ್ತೆ ಅಂತ."

ಗೊತ್ತಾಯಿತು.

ಪಕ್ಕಪಕ್ಕ ಕೂತು ಟೀ ಕುಡಿದೆವು. ಇಷ್ಟು ವರ್ಷದ ಸಂಸಾರದಲ್ಲಿ ಇವರು ನನ್ನನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡ ದಿನ ಇನ್ನೊಂದಿಲ್ಲ. ನಾಚಿಕೆ ಆಗಬೇಕಿತ್ತು. ಹಿತವಾಗಿತ್ತು.

ಆಗಸ್ಟ್ 9, ಗುರುವಾರ, ಬೆಳಿಗ್ಗೆ

ಮರಿ ಖಾಲಿ ಮಾಡಿಲ್ಲ. ಶಟರ್ ಒಳಗಿನಿಂದ ಎಳೆದುಕೊಂಡು ಕೂತಿದ್ದಾಳಂತೆ, ಕೆಲಸದವರೂ ಜೊತೆಗೆ. ನಿನ್ನೆ ಬೆಳಿಗ್ಗೆ ಬ್ರೆಡ್ಡು ಮಾಡಿ ಕಿಟಕಿಯಿಂದಲೇ ಮಾರಿದರಂತೆ. ಜನ ಕೊಂಡರಂತೆ, ಸಾಲು ನಿಂತು. ನಮ್ಮ ಚರ್ಚಿನವರೂ ಇದ್ದರಂತೆ ಸಾಲಿನಲ್ಲಿ.

ಪಾಸ್ಟರ್ ಗಾಡಿ ಕಳಿಸಿದ್ದಾರೆ. ಸಾಮಾನು ಹೇರುವವರು ನಾಲ್ಕು ಜನ, ಬೀಗ ಮುರಿಯುವವನು ಒಬ್ಬ. ಹಿರಿಯರೆಲ್ಲ ಬರುತ್ತಾರೆ. ಮಹಿಳಾ ಕೂಟದವರು ಹಾಡುತ್ತಾರೆ, ಗಲಾಟೆ ಆಗದಿರಲಿ ಅಂತ. "ನೀವು ಮಾತಾಡಿದ್ರೆ ಮಾತ್ರ ಬಾಗಿಲು ತೆಗೀತಾಳೆ ಸಿಸ್ಟರ್. ನಿಮ್ಮ ದನಿ ಅವಳಮ್ಮನ ದನಿ ಥರಾನೇ ಅಲ್ವಾ?" ಅಂದರು ಪಾಸ್ಟರ್. ಹೌದು. ಫೋನಿನಲ್ಲಿ ಎಲ್ಲರೂ ಮೋಸ ಹೋಗುತ್ತಿದ್ದರು.

ಇವರು ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. "ಬಾ, ತಡ ಆಯ್ತು."

ಏನು ಹೇಳಬೇಕು ಅಂತ ಯೋಚಿಸಿಟ್ಟಿದ್ದೇನೆ. ಮೊದಲು ಹೆಸರು ಹಿಡಿದು ಕೂಗುವುದು, ತಂಗಿ ಕೂಗುತ್ತಿದ್ದ ಹಾಗೆ, ಎಳೆದು. ತೆಗೆಯುತ್ತಾಳೆ. ತೆಗೆದ ಕೂಡಲೇ ಅಳುತ್ತಾಳೆ. ಅತ್ತರೆ ಸಾಕು. ಅತ್ತರೆ ಅಪ್ಪಿಕೊಳ್ಳಬಹುದು, ಎಲ್ಲರೂ ನೋಡುತ್ತಿರುತ್ತಾರೆ, ಅಷ್ಟರಲ್ಲಿ ಅವರು ಸಾಮಾನು ಇಳಿಸುತ್ತಾರೆ. ಅಳದೇ ಹೋದರೆ... ಇವರು ಮತ್ತೆ ಕರೆಯುತ್ತಿದ್ದಾರೆ, ಹೊರಟೆ.